ಉಪ್ಪುನೀರಿನ ಕೊಳ ಖಾಲಿ ಮಾಡಿಸುವ ಮುನ್ನ

ಮಾನ್ಯ ಸಂಪಾದಕರೇ,

ನಂದಿ ಬೆಟ್ಟದ ಸುತ್ತಮುತ್ತಲಿನ ತೋಟದ ಮನೆ, ಹೋಂಸ್ಟೇಗಳಲ್ಲಿ ಈಗ ಉಪ್ಪುನೀರಿನ ಈಜುಕೊಳ ಕಟ್ಟಿಸುತ್ತಿದ್ದಾರೆ. ನಮ್ಮ ಮನೆಯಲ್ಲೂ ಒಂದಿದೆ. ಯಜಮಾನರ ಎರಡೂ ಮಂಡಿಗೆ ಆಪರೇಷನ್ ಆದಮೇಲೆ ನೀರಿನಲ್ಲಿ ನಡೆದಾಡಲಿ ಎಂದು ವೈದ್ಯರು ಹೇಳಿದರು, ಮಗ ಕಟ್ಟಿಸಿದ. 40 ಸಾವಿರ ಲೀಟರಿನ ಸಣ್ಣ ಕೊಳ. ಅದರ ವಿಚಾರದಲ್ಲಿ ನಾವು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಕೊಳ ತುಂಬಿಸಿದ ಎರಡನೇ ತಿಂಗಳಿಗೇ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ಯಜಮಾನರಿಗೆ ಕಣ್ಣುರಿ, ಮೈ ತುರಿಕೆ. ಅಂಚಿನ ಟೈಲ್ಸ್ ಉದ್ದಕ್ಕೂ ಸುಣ್ಣದ ಗೆರೆ. ಪರೀಕ್ಷೆಯ ನಳಿಕೆಗೆ ಫೀನಾಲ್ ರೆಡ್ ಹನಿ ಬಿಟ್ಟರೆ ನೀರು ನೇರಳೆ ಹಣ್ಣಿನ ರಸದ ಬಣ್ಣಕ್ಕೆ ತಿರುಗುತ್ತಿತ್ತು. ಅಂದರೆ ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 8.2 ದಾಟಿತ್ತು. ಇರಬೇಕಾದದ್ದು 7.2ರಿಂದ 7.8ರ ಒಳಗೆ.

ಕೊಳ ಕಟ್ಟಿಕೊಟ್ಟವರಿಗೆ ಫೋನ್ ಮಾಡಿದೆವು. ಕ್ಲೋರಿನ್ ಸಾಲದು, ನೀರಿನ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವ ಯಂತ್ರವನ್ನು ಶೇ ನೂರಕ್ಕೆ ಏರಿಸಿ ಎಂದರು. ಏರಿಸಿದೆವು, ಪಿಎಚ್ ಇನ್ನೂ ಮೇಲೆ ಹೋಯಿತು. ಆಮೇಲೆ, ‘ಅರ್ಧ ನೀರು ಹೊರಬಿಟ್ಟು ಹೊಸದು ತುಂಬಿಸಿ’ ಎಂದರು. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನಾನು ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ 20 ಸಾವಿರ ಲೀಟರ್ ನೀರನ್ನು ಮೋಟರ್ ಇಟ್ಟು ಹೊರಗೆ ಚೆಲ್ಲಿ, ಅಷ್ಟನ್ನೇ ಬೋರ್‌ವೆಲ್‌ನಿಂದ ತುಂಬಿಸಿದೆವು. ಹದಿನೈದು ದಿನಕ್ಕೆ ಅದೇ ನೇರಳೆ ಬಣ್ಣ ಮತ್ತೆ ಬಂತು.

ಆಗ ಬೋರಿನ ನೀರನ್ನೇ ಪರೀಕ್ಷೆಗೆ ಕೊಟ್ಟೆ. ಅದರ ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಬೈಕಾರ್ಬನೇಟಿನಂಥ ಲವಣಗಳ ಪ್ರಮಾಣ, ಲೀಟರಿಗೆ 340 ಮಿಲಿಗ್ರಾಂ. ಉಪ್ಪುನೀರಿನ ಕೊಳಕ್ಕೆ 60ರಿಂದ 80 ಇದ್ದರೆ ಸಾಕು. ನಮ್ಮ ಕಡೆ ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದನ್ನು ಕಾಣದ ಮನೆಯಿಲ್ಲ. ಆ ಪೊರೆ ಕಟ್ಟಿಸುವ ಬೈಕಾರ್ಬನೇಟೇ ಇಲ್ಲೂ ಕಾರಣ. ಹಾಗಿರುವಾಗ ಬೋರ್ ನೀರನ್ನು ಚೆಲ್ಲಿ ಬೋರ್ ನೀರನ್ನೇ ತುಂಬಿಸಿದರೆ ಏನು ಬದಲಾದೀತು?

ಪಿಎಚ್ ಏರುವುದು ಯಂತ್ರ ಕೆಟ್ಟಿದ್ದಕ್ಕಲ್ಲ. ಗೋಲಿಸೋಡಾದ ಗೋಲಿ ಒತ್ತಿದಾಗ ಗಾಳಿ ಹೊರಬರುತ್ತದಲ್ಲ, ಅದು ಇಂಗಾಲದ ಡೈಆಕ್ಸೈಡ್. ಅದು ಹೋದಷ್ಟೂ ನೀರಿನ ಹುಳಿ ತಗ್ಗುತ್ತದೆ, ಪಿಎಚ್ ಏರುತ್ತದೆ. ಬೈಕಾರ್ಬನೇಟ್ ಹೆಚ್ಚಿರುವ ನೀರಿನಲ್ಲಿ ಈ ಅನಿಲವೂ ಹೆಚ್ಚಾಗಿರುತ್ತದೆ, ಸದಾ ಹೊರಹೋಗಲು ನೋಡುತ್ತದೆ. ಯಂತ್ರದ ತಟ್ಟೆಗಳ ನಡುವೆ ಉಪ್ಪುನೀರಿಗೆ ವಿದ್ಯುತ್ ಹರಿದಾಗ ಕ್ಲೋರಿನ್ ಜೊತೆಗೆ ಜಲಜನಕದ ಸಣ್ಣ ಗುಳ್ಳೆಗಳೂ ಏಳುತ್ತವೆ. ಆ ಗುಳ್ಳೆಗಳು ನೀರನ್ನು ಕಲಕಿ ಅನಿಲವನ್ನು ಹೊರದೂಡುತ್ತವೆ. ಚೆಂದಕ್ಕೆಂದು ಇಟ್ಟ ಕಾರಂಜಿಯೂ ಅದನ್ನೇ ಮಾಡುತ್ತದೆ. ಯಂತ್ರ ಹೆಚ್ಚು ಹೊತ್ತು ಓಡಿದಷ್ಟೂ ಪಿಎಚ್ ಏರುವುದು ಇದಕ್ಕೇ. ಏರಿದ ಪಿಎಚ್‌ನಲ್ಲಿ ಕ್ಲೋರಿನ್‌ಗೆ ಕಸುವಿರುವುದಿಲ್ಲ. 7.5ರಲ್ಲಿ ಸುಮಾರು ಅರ್ಧದಷ್ಟು ಚುರುಕಾದ ರೂಪದಲ್ಲಿದ್ದರೆ, 8.5ರಲ್ಲಿ ಹತ್ತರಲ್ಲೊಂದು ಪಾಲು ಉಳಿದರೆ ಹೆಚ್ಚು.

ಕೊಳದ ಕ್ಷಾರೀಯತೆ 310 ಇತ್ತು. ನಮ್ಮ ಕೊಳದ ಅಳತೆಗೆ 800 ಮಿಲಿ ಹೈಡ್ರೋಕ್ಲೋರಿಕ್ ಆಮ್ಲ (ಶೇ 31ರ ಸಾಂದ್ರತೆಯದು) ಹಾಕಿದರೆ ಅದು 10ರಷ್ಟು ಇಳಿಯುತ್ತದೆ. ದಿನಕ್ಕೆ ಅಷ್ಟರಂತೆ, ಪ್ರತಿದಿನ ಪಿಎಚ್ ನೋಡಿಕೊಂಡು, ಮೂರು ವಾರಕ್ಕೂ ಸ್ವಲ್ಪ ಹೆಚ್ಚು ದಿನ ಹಾಕಿದೆ. ಸುಮಾರು 18 ಲೀಟರ್ ಹಿಡಿಯಿತು. ಈಗ 80ರ ಆಸುಪಾಸಿನಲ್ಲಿದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಿರಲಿ ಎಂದು ಸಯನ್ಯೂರಿಕ್ ಆಮ್ಲವನ್ನೂ ಸೇರಿಸಿದ್ದರಿಂದ ಯಂತ್ರವನ್ನು ನೂರರಿಂದ ನಲವತ್ತಕ್ಕೆ ಇಳಿಸಲು ಸಾಧ್ಯವಾಯಿತು. ಆಗ ದಿನ ಬಿಟ್ಟು ದಿನ ಏರುತ್ತಿದ್ದ ಪಿಎಚ್ ಈಗ ವಾರವೆಲ್ಲ 7.6, 7.7ರಲ್ಲಿ ನಿಲ್ಲುತ್ತದೆ. ಯಜಮಾನರು ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತಾರೆ.

ಆಮ್ಲ ಮುಟ್ಟುವವರು ಕೈಗವಸು, ಕನ್ನಡಕ ಹಾಕಿಕೊಳ್ಳಲೇಬೇಕು. ಬಕೆಟ್ ನೀರಿಗೆ ಆಮ್ಲ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ಬ್ಲೀಚಿಂಗ್ ಪೌಡರ್ ಇಟ್ಟ ಕೋಣೆಯಲ್ಲಿ ಅದನ್ನು ಇಡಬೇಡಿ. ಎರಡೂ ಬೆರೆತರೆ ಏಳುವ ಕ್ಲೋರಿನ್ ಅನಿಲ ಜೀವ ತೆಗೆಯಬಲ್ಲದು. ಹೋಂಸ್ಟೇಗಳಲ್ಲಿ ಈ ಕೆಲಸವನ್ನು ತೋಟದ ಹುಡುಗರಿಗೆ ಹೇಳುತ್ತಾರೆ, ಕ್ಯಾನ್ ಮೇಲಿನ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಮಾರುವವರು ಒಂದು ಹಾಳೆಯಷ್ಟಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕು.

ಆವಿಯಾಗಿ ಕಡಿಮೆಯಾದ ನೀರಿಗೆ ಈ ಮುಂಗಾರಿನಿಂದ ಮಾಳಿಗೆಯ ಮಳೆನೀರು ಬಿಡುತ್ತಿದ್ದೇವೆ. ಅದರಲ್ಲಿ ಕ್ಷಾರೀಯತೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮದು 1,200 ಚದರಡಿಯ ಮಾಳಿಗೆ, ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ಸಿಗುತ್ತದೆ.

ನಾವು ಹೊರಗೆ ಚೆಲ್ಲಿದ ನೀರಿನ ಮಾತು ಉಳಿದಿದೆ. ಅದರಲ್ಲಿ ಲೀಟರಿಗೆ ಮೂರು ಗ್ರಾಂಗಿಂತ ಹೆಚ್ಚು ಉಪ್ಪಿತ್ತು. 20 ಸಾವಿರ ಲೀಟರಿಗೆ ಲೆಕ್ಕ ಹಾಕಿದರೆ 60 ಕಿಲೋಗೂ ಮೇಲೆ. ಅದು ಬದು ದಾಟಿ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ಹರಿಯಿತು. ಎರಡು ಸಾಲು ಗಿಡಗಳ ಎಲೆಯಂಚು ಸುಟ್ಟು ಹೋಯಿತು, ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಮುಗಿಸಿ ಸೊಪ್ಪು ತಿನ್ನುತ್ತಿದ್ದಾಗ ಅವರು ಸೊಪ್ಪನ್ನು ಹೊರಗಿನಿಂದ ಕೊಳ್ಳಬೇಕಾಯಿತು. ಸೊಪ್ಪಿನ ಹಣ ಕೊಟ್ಟೆವು, ಮಣ್ಣಿಗೆ ಸೇರಿದ ಉಪ್ಪನ್ನು ತೆಗೆದುಕೊಡಲು ನಮ್ಮಿಂದ ಆಗಲಿಲ್ಲ. ಕೊಳ ಕಟ್ಟಲು ಅನುಮತಿ ಕೊಡುವಾಗಲೇ ಉಪ್ಪುನೀರನ್ನು ಹೊಲಕ್ಕೆ, ರಾಜಕಾಲುವೆಗೆ, ಕೆರೆಗೆ ಬಿಡುವಂತಿಲ್ಲ ಎಂಬ ಷರತ್ತನ್ನು ಪಂಚಾಯಿತಿಗಳು ಬರೆಸಿಕೊಳ್ಳಬೇಕು. ಗುಂಡಿ ತೋಡುವ ಮೊದಲು ಬೋರಿನ ನೀರಿನ ಕ್ಷಾರೀಯತೆ ಪರೀಕ್ಷಿಸಿ, ಅಂಕಿಯನ್ನು ಮನೆಯವರ ಕೈಗೆ ಕೊಡುವುದು ಕಟ್ಟುವವರ ಹೊಣೆಯಾಗಬೇಕು.

– ನಿವೃತ್ತ ವಿಜ್ಞಾನ ಶಿಕ್ಷಕಿ,
ಚಿಕ್ಕಬಳ್ಳಾಪುರ ತಾಲ್ಲೂಕು