ಕಪ್ಪೆ ಎಣಿಸುವ ಕೆಲಸ

ಲಾ ಸೆಲ್ವಾ ಜೀವಶಾಸ್ತ್ರ ಕೇಂದ್ರ,
ಸಾರಾಪಿಕಿ, ಕೋಸ್ಟಾರಿಕಾ
ಜುಲೈ 14

ತೀರ್ಥರೂಪು ಅಪ್ಪಯ್ಯನಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಮೊನ್ನೆ ಫೋನಿನಲ್ಲಿ ಅಪ್ಪಯ್ಯ ಕೇಳಿದ್ದು ಪೂರ್ತಿ ಕೇಳಿಸಿತು. ನನ್ನ ಉತ್ತರ ನಿಮಗೆ ಕೇಳಿಸಲಿಲ್ಲ ಅನಿಸುತ್ತದೆ, ಅಷ್ಟರಲ್ಲಿ ಲೈನು ಹೋಯಿತು. "ಕಪ್ಪೆ ಎಣಿಸೋಕೆ ಅಷ್ಟು ದೂರ ಹೋಗ್ಬೇಕಿತ್ತನೇ ಮಗಾ? ನಮ್ಮ ತೋಟದಲ್ಲಿ ಇಲ್ವಾ ಕಪ್ಪೆ?" ಅಂದಿರಿ. ನೀವು ಕೊಂಕಿನಿಂದ ಕೇಳಿದ್ದಲ್ಲ ಎಂದು ನನಗೆ ಗೊತ್ತು. ಮೂರು ದಿನದಿಂದ ಆ ಮಾತು ತಲೆಯಲ್ಲೇ ಇದೆ. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಈಗ ರಾತ್ರಿ ಎಂಟು, ಅಲ್ಲಿ ಬೆಳಿಗ್ಗೆ ಏಳೂವರೆ. ನೀವು ತಿಂಡಿ ಮುಗಿಸಿ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿಯುವ ಹೊತ್ತು. ಪುನರ್ವಸು ಮಳೆ ಹೇಗಿದೆ? ಅಡಿಕೆಗೆ ಎರಡನೇ ಔಷಧಿ ಹೊಡೆಯಲು ಹೊಳವಾಯಿತಾ? ಕೊನೆಗಾರ ಸಿಕ್ಕಿದನಾ?

ಮೊದಲು ಅಮ್ಮನ ಚಿಂತೆಗಳಿಗೆ ಉತ್ತರ ಹೇಳಿಬಿಡುತ್ತೇನೆ. ಊಟಕ್ಕೆ ತೊಂದರೆಯಿಲ್ಲ. ಇವರದ್ದೂ ಅನ್ನದ ಊಟವೇ. ಬೆಳಿಗ್ಗೆ ತಿಂಡಿಗೆ ಗಾಯೋ ಪಿಂಟೋ ಅಂತ ಮಾಡುತ್ತಾರೆ, ಬೇಯಿಸಿದ ಕಪ್ಪು ಕಾಳಿಗೆ ಹಿಂದಿನ ದಿನದ ಅನ್ನ ಹಾಕಿ ಹುರಿಯುವುದು. ನೀನು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಜತೆ ಅದು ಚೆನ್ನಾಗಿ ಹೊಂದುತ್ತದೆ. ಉಣುಗು ಇಲ್ಲೂ ಇದೆ, ಆದರೆ ನಮ್ಮಲ್ಲಿ ಅದು ಹರಡುವ ಮಂಗನ ಕಾಯಿಲೆ ಇಲ್ಲ. ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಕಂಡ ಆ ಕಾಯಿಲೆಯ ಬಗ್ಗೆ ಇಲ್ಲಿ ಹೇಳಿದಾಗ ಎಲ್ಲರೂ ಪೆನ್ನು ಕೆಳಗಿಟ್ಟು ಕೇಳಿದರು. ನಮ್ಮ ಪಕ್ಕದ ಸೊರಬ ತಾಲ್ಲೂಕು ಅಂತ ನಕ್ಷೆಯಲ್ಲಿ ತೋರಿಸಿದೆ. ರಕ್ತ ಹೀರುವ ಇಂಬಳ ಮಾತ್ರ ಇಷ್ಟು ದಿನದಲ್ಲಿ ಒಂದೂ ಕಾಲಿಗೆ ಹತ್ತಿಲ್ಲ. ಇಷ್ಟು ಒದ್ದೆ ಕಾಡಿನಲ್ಲಿ ಇಂಬಳವಿಲ್ಲ ಎನ್ನುವುದು ನನಗಿನ್ನೂ ನಂಬಿಕೆಗೆ ಬರುತ್ತಿಲ್ಲ.

ಹಾವಿನ ವಿಷಯ ಮುಚ್ಚಿಡುವುದಿಲ್ಲ. ತೆರ್ಸಿಯೋಪೆಲೋ ಎಂಬ ಮಂಡಲದ ಹಾವು ಇದೆ, ನೆಲಕ್ಕೆ ಬಿದ್ದ ಒಣ ಎಲೆಯ, ಅಂದರೆ ದರಗಿನ ಬಣ್ಣದ್ದೇ. ಆದ್ದರಿಂದ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕದೆ ಯಾರೂ ಕಾಡಿಗೆ ಕಾಲಿಡುವಂತಿಲ್ಲ. ಒಬ್ಬರೇ ಹೋಗುವಂತಿಲ್ಲ. ರಾತ್ರಿಯಾದರೆ ಇಬ್ಬರ ಹತ್ತಿರವೂ ಬ್ಯಾಟರಿ ಇರಲೇಬೇಕು. ಇದಕ್ಕೆ ಬೇಕಾದ ಮದ್ದನ್ನು ಈ ಸಣ್ಣ ದೇಶ ತಾನೇ ತಯಾರಿಸಿಕೊಳ್ಳುತ್ತದೆ. ಕೋಸ್ಟಾರಿಕಾ ವಿಶ್ವವಿದ್ಯಾಲಯದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ಎಂದು ಇದೆ, ಅಲ್ಲಿ ಕುದುರೆಗಳಿಂದ ಹಾವಿನ ವಿಷಕ್ಕೆ ಔಷಧಿ ತೆಗೆಯುತ್ತಾರೆ. ಅಮ್ಮ, ನೀನು ಇಷ್ಟು ತಿಳಿದುಕೊಂಡು ನೆಮ್ಮದಿಯಾಗಿ ಮಲಗು.

ಈಗ ಅಪ್ಪಯ್ಯನ ಪ್ರಶ್ನೆಗೆ ಬರುತ್ತೇನೆ.

ನಾನು ಬಿ.ಎಸ್ಸಿ. ಓದಿದ ಕಾಲೇಜು ನಿಮಗೆ ಗೊತ್ತಲ್ಲ, ಹಿಂಬದಿಯ ಬೇಲಿ ದಾಟಿದರೆ ಕಾಡು. ಮೂರು ವರ್ಷದಲ್ಲಿ ನಮ್ಮನ್ನು ಒಂದು ದಿನವೂ ಆ ಬೇಲಿ ದಾಟಿಸಲಿಲ್ಲ. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಅಂತ ಬರೆದು ಅಂಕ ತೆಗೆದೆವು. ಕಿಟಕಿಯಾಚೆ ಕೂಗುತ್ತಿದ್ದ ಕಪ್ಪೆ ಯಾವುದು ಎಂದು ಕೇಳಿದವರಿಲ್ಲ, ನಾನೂ ಕೇಳಲಿಲ್ಲ. ಆ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ.

ಇಲ್ಲಿಯ ಕೋರ್ಸಿಗೆ ಬಂದ ಎರಡನೇ ದಿನ ನಮ್ಮ ಮೇಷ್ಟರು ಮಾಡಿಸಿದ ಕೆಲಸ ಒಂದೇ. ಕಾಡಿನೊಳಗೆ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸಿದರು. ಎದುರಿಗೆ ಒಂದು ಮೀಟರ್ ಚೌಕದಷ್ಟು ನೆಲ. ಒಂದು ಗಂಟೆ ಅದನ್ನೇ ನೋಡಿ, ಹುಟ್ಟಿದ ಪ್ರಶ್ನೆಗಳನ್ನೆಲ್ಲ ಬರೆಯಬೇಕು. ಮೊದಲ ಇಪ್ಪತ್ತು ನಿಮಿಷ ನನಗೆ ಎಲೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಒಂದೊಂದೇ ಕಾಣತೊಡಗಿತು. ಎಲೆಯ ತುಂಡು ಹೊತ್ತ ಇರುವೆಗಳ ಸಾಲು ಬಿದ್ದ ಕೊಂಬೆಯನ್ನು ಹತ್ತಿ ಇಳಿಯುತ್ತಿತ್ತು, ಪಕ್ಕದಲ್ಲಿ ಸುತ್ತಿ ಹೋಗಲು ಸಲೀಸಾದ ದಾರಿ ಇದ್ದರೂ. ಒಂದೇ ಮರದ ಸಸಿಗಳು ತಾಯಿಮರದ ಬುಡದ ಹತ್ತಿರ ಬಾಡಿದ್ದವು, ದೂರದಲ್ಲಿ ಹಸಿರಾಗಿದ್ದವು. ಸಂಜೆ ಹನ್ನೊಂದು ಪ್ರಶ್ನೆ ಓದಿದೆ. ಮೇಷ್ಟರು ಪ್ರತಿಯೊಂದಕ್ಕೂ ಒಂದೇ ಮಾತು ಕೇಳಿದರು: "ಇದು ನಿಜವೋ ಅಲ್ಲವೋ ಅಂತ ನಾಳೆ ಬೆಳಿಗ್ಗೆ ಹೇಗೆ ನೋಡುತ್ತೀಯ?"

ಸಸಿಗಳ ಪ್ರಶ್ನೆ ಹಳೆಯದು ಎಂದು ಆಮೇಲೆ ಗೊತ್ತಾಯಿತು. ಡ್ಯಾನಿಯೆಲ್ ಜಾನ್ಜನ್ ಎಂಬುವರು 1970ರಲ್ಲಿ ಅದಕ್ಕೊಂದು ಉತ್ತರ ಕೊಟ್ಟಿದ್ದರು. ತಾಯಿಮರದ ಕೆಳಗೆ ಆ ಮರವನ್ನೇ ತಿನ್ನುವ ಹುಳ, ಕಾಯಿಲೆಗಳು ತುಂಬಿರುತ್ತವೆ. ಬೀಜ ದೂರ ಹೋದಷ್ಟೂ ಬದುಕುವ ಸಾಧ್ಯತೆ ಹೆಚ್ಚು. ಉಷ್ಣವಲಯದ ಕಾಡಿನಲ್ಲಿ ಒಂದೇ ಮರ ಎಲ್ಲೆಡೆ ಹಬ್ಬದೆ ನೂರಾರು ಜಾತಿ ಬೆರೆತು ನಿಲ್ಲಲು ಇದೂ ಒಂದು ಕಾರಣ ಎನ್ನುತ್ತಾರೆ. ಅವರೂ ಈ ಕೇಂದ್ರವನ್ನು ನಡೆಸುವ ಸಂಸ್ಥೆಯ ಕೋರ್ಸಿನಲ್ಲಿ ಪಾಠ ಮಾಡಿದವರು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮತ್ತು ಕೋಸ್ಟಾರಿಕಾ ವಿಶ್ವವಿದ್ಯಾಲಯ ಸೇರಿ 1963ರಲ್ಲಿ ಉಷ್ಣವಲಯ ಅಧ್ಯಯನ ಸಂಸ್ಥೆ ಕಟ್ಟಿದವು. 1968ರಲ್ಲಿ ಆ ಸಂಸ್ಥೆ ಈ ಜಾಗವನ್ನು ಲೆಸ್ಲಿ ಹೋಲ್ಡ್ರಿಜ್ ಎಂಬ ಕಾಡಿನ ವಿಜ್ಞಾನಿಯಿಂದ ಕೊಂಡಿತು. ಅವರು ಇಲ್ಲಿ ಕೋಕೋ ತೋಟ ಮಾಡಿದ್ದರು. ಈಗ ಸುಮಾರು 1600 ಹೆಕ್ಟೇರ್, ಅಂದರೆ ನಾಲ್ಕು ಸಾವಿರ ಎಕರೆಯ ಹತ್ತಿರ. ಎರಡು ಹೊಳೆ ಕೂಡುವ ಜಾಗ. ತೂಗುಸೇತುವೆ ದಾಟಿ ಕಾಡಿಗೆ ಹೋಗಬೇಕು. ವರ್ಷಕ್ಕೆ ನಾಲ್ಕು ಮೀಟರ್ ಮಳೆ. ಆಗುಂಬೆಗೆ ಇದಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತದೆ, ಆದರೆ ನಮ್ಮದು ನಾಲ್ಕು ತಿಂಗಳ ಮಳೆ, ಇವರದ್ದು ಹನ್ನೆರಡು ತಿಂಗಳದ್ದು.

ಈಗ ಕಪ್ಪೆ. ನಾನು ಮತ್ತು ಪೆರುವಿನ ಹುಡುಗಿ ಒಬ್ಬಳು ಸೇರಿ ಆರಿಸಿಕೊಂಡದ್ದು ದರಗಿನಲ್ಲಿ ಬದುಕುವ ಕಪ್ಪೆಗಳ ಕೆಲಸ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟುತ್ತೇವೆ. ನಾಲ್ಕು ಜನ ನಾಲ್ಕು ಬದಿಯಿಂದ ಮೊಣಕಾಲೂರಿ ಒಳಗೆ ಬರಬೇಕು, ಒಂದೊಂದು ಎಲೆ ಎತ್ತಿ ನೋಡಿ ಹಿಂದಕ್ಕೆ ಹಾಕುತ್ತ. ಅಮ್ಮ ಅಕ್ಕಿ ಆರಿಸುವಾಗ ಕೈ ಹೇಗೆ ಹೋಗುತ್ತದೋ ಹಾಗೆ. ಬೀಸಿ ಎಳೆದರೆ ಎಲ್ಲ ಹಾರಿಹೋಗುತ್ತವೆ. ಚೌಕದ ಮೂಲೆಗಳಲ್ಲಿ ಒಂದು ತಂತಿ ಚುಚ್ಚಿ, ಅದು ಎಷ್ಟು ಎಲೆ ಪೋಣಿಸಿಕೊಂಡಿತು ಎಂದು ಎಣಿಸಿ ಬರೆಯುತ್ತೇವೆ. ದರಗು ಎಷ್ಟು ದಪ್ಪ ಇದೆ ಎಂದು ತಿಳಿಯುವುದು ಹಾಗೆ.

ಮೊದಲ ಚೌಕದಲ್ಲಿ ಮೂರು ಕಪ್ಪೆ, ಒಂದು ಓತಿ ಸಿಕ್ಕಿದವು. ಒಂದನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಅಡಿಕೆಯ ಅರ್ಧ ಹೋಳಿನಷ್ಟು ದೊಡ್ಡದು. ಮೈ ಕಂದು, ಕಣ್ಣಿನ ಹಿಂದೆ ಕರಿ ಗೀಟು, ಗಂಟಲು ಒಂದೇ ಸಮನೆ ಮಿಡಿಯುತ್ತಿತ್ತು. ಕ್ರಾಗಾಸ್ಟರ್ ಎಂಬ ಗುಂಪಿನದು. ಇವು ಮೊಟ್ಟೆ ಇಡಲು ನೀರಿಗೆ ಇಳಿಯುವುದಿಲ್ಲ. ದರಗಿನ ತಂಪಿನಲ್ಲಿ ಮೊಟ್ಟೆ ಇಡುತ್ತವೆ, ಗೊದಮೊಟ್ಟೆಯ ಅವಸ್ಥೆ ಹೊರಗೆ ಇಲ್ಲ, ಮೊಟ್ಟೆಯಿಂದ ಪುಟ್ಟ ಕಪ್ಪೆಯೇ ಬರುತ್ತದೆ. ನಮ್ಮ ತೋಟದಲ್ಲಿ ಕತ್ತಲಾದೊಡನೆ ಟಿಕ್ ಟಿಕ್ ಎಂದು ಶುರು ಮಾಡುವ ಪೊದೆಗಪ್ಪೆಗಳದ್ದೂ ಇದೇ ಕ್ರಮ ಅಪ್ಪಯ್ಯ! ಅವಕ್ಕೂ ಕೆರೆ ಬೇಡ, ತಂಪು ಬೇಕು.

ಅಮ್ಮನಿಗೆ ಇನ್ನೊಂದು ಹೇಳಬೇಕು. ಇಲ್ಲಿ ಉಗುರಿನಷ್ಟು ಕೆಂಪು ಕಪ್ಪೆ ಇದೆ, ಕಾಲು ಮಾತ್ರ ನೀಲಿ. ಅದರ ಮರಿಗಳು ಹೊರಬಂದ ಮೇಲೆ ತಾಯಿ ಒಂದೊಂದನ್ನೇ ಬೆನ್ನ ಮೇಲೆ ಹೊತ್ತು ಮರ ಹತ್ತುತ್ತದೆ. ಮರದ ಮೇಲೆ ಕೂತು ಬೆಳೆಯುವ ಅನಾನಸಿನ ಕುಲದ ಗಿಡಗಳಿವೆ, ಅವುಗಳ ಎಲೆ ಸಂದಿನಲ್ಲಿ ಒಂದು ಚಮಚ ನೀರು ನಿಂತಿರುತ್ತದೆ. ಒಂದೊಂದು ಸಂದಿಗೆ ಒಂದೊಂದು ಮರಿ ಬಿಡುತ್ತದೆ. ಬಿಟ್ಟು ಮರೆಯುವುದಿಲ್ಲ. ಮತ್ತೆ ಮತ್ತೆ ಬಂದು, ಮರಿಯಾಗದ ಮೊಟ್ಟೆಯನ್ನು ಅದರ ಆಹಾರಕ್ಕೆಂದೇ ಇಟ್ಟು ಹೋಗುತ್ತದೆ. ಯಾವ ಗಿಡದ ಯಾವ ಸಂದಿನಲ್ಲಿ ಯಾವ ಮರಿ ಇದೆ ಎಂಬುದನ್ನು ಅದು ನೆನಪಿಟ್ಟುಕೊಳ್ಳಬೇಕು. ಮೊನ್ನೆ ಒಂದು ತಾಯಿಯ ಬೆನ್ನ ಮೇಲೆ ಕರಿ ಹನಿಯಂತೆ ಅಂಟಿದ್ದ ಮರಿಯನ್ನು ನಾನು ಕಣ್ಣಾರೆ ನೋಡಿದೆ. ಆ ಹೊತ್ತಿಗೆ ನೀನು ಪಕ್ಕದಲ್ಲಿ ಇರಬೇಕಿತ್ತು ಅನಿಸಿತು.

ಇಷ್ಟು ದೂರ ಯಾಕೆ ಬಂದೆ ಎನ್ನುವುದಕ್ಕೆ ಈಗ ಹೇಳುವುದೇ ಉತ್ತರ. ಈ ಕಾಡಿನಲ್ಲಿ 1970ರ ಸುಮಾರಿನಿಂದಲೇ ಬೇರೆ ಬೇರೆಯವರು ನೆಲದ ಕಪ್ಪೆ, ಓತಿಗಳನ್ನು ಹೀಗೆ ಎಣಿಸಿ ಬರೆದಿಟ್ಟಿದ್ದರು. 2007ರಲ್ಲಿ ಕೆಲವರು ಆ 35 ವರ್ಷದ ಲೆಕ್ಕವನ್ನೆಲ್ಲ ಒಂದು ಕಡೆ ಸೇರಿಸಿ ನೋಡಿದಾಗ, ನಾಲ್ಕರಲ್ಲಿ ಮೂರು ಪಾಲು ಕಪ್ಪೆಗಳು ಕಡಿಮೆಯಾಗಿದ್ದವು. ಓತಿಗಳದ್ದೂ ಅದೇ ಕಥೆ. ಇದು ಕಡಿದ ಕಾಡಲ್ಲ, ಕಾಯ್ದುಕೊಂಡು ಬಂದ ಕಾಡು. ಬೇರೆ ದೇಶಗಳಲ್ಲಿ ಕಪ್ಪೆಗಳನ್ನು ಕೊಂದ ಶಿಲೀಂಧ್ರದ ರೋಗದ ಲಕ್ಷಣಕ್ಕೂ ಇದು ಹೊಂದಲಿಲ್ಲ. ಹವೆ ಬದಲಾಗಿ ನೆಲದ ಮೇಲೆ ನಿಲ್ಲುವ ದರಗು ತೆಳುವಾಗುತ್ತಿದೆ, ಅದರ ತಂಪಿನಲ್ಲಿ ಬದುಕುವವು ಅದರ ಜತೆಗೇ ಹೋಗುತ್ತಿವೆ ಎಂಬುದು ಅವರ ಊಹೆ. ಅದಕ್ಕೆ ಒಂದು ಬೆಂಬಲವೂ ಸಿಕ್ಕಿತು: ಅದೇ ಕಾಲದಲ್ಲಿ ಪಾಳುಬಿಟ್ಟ ಹಳೆಯ ಕೋಕೋ ತೋಟಗಳಲ್ಲಿ ಆ ಥರ ಇಳಿಕೆ ಕಾಣಲಿಲ್ಲ. ಕೋಕೋ ಎಷ್ಟು ಎಲೆ ಉದುರಿಸುತ್ತದೆ ಎಂದು ಅಡಿಕೆ ಮಧ್ಯೆ ಕೋಕೋ ಹಾಕಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಯಾರೂ ಎಣಿಸದೆ ಇದ್ದಿದ್ದರೆ ಈ ಸಂಗತಿ ಗೊತ್ತೇ ಆಗುತ್ತಿರಲಿಲ್ಲ. ಇವತ್ತು ನಾನು ಈ ಕಾಡಿಗೆ ಬಂದು ಮೂರು ಕಪ್ಪೆ ನೋಡಿದರೆ, ಆಹಾ ಎಷ್ಟೊಂದು ಕಪ್ಪೆ ಎನ್ನುತ್ತಿದ್ದೆ. ಮೊದಲು ಹನ್ನೆರಡು ಇತ್ತು ಎಂದು ಹೇಳಲು ಹಳೆಯ ಪುಸ್ತಕ ಬೇಕು. ನಮ್ಮ ತೋಟದಲ್ಲಿ ಕಪ್ಪೆ ಇಲ್ಲವಾ ಎಂದಿರಲ್ಲ, ಇದೆ ಅಪ್ಪಯ್ಯ. ಎಷ್ಟಿತ್ತು, ಎಷ್ಟಿದೆ ಎಂದು ಮಾತ್ರ ನಮಗೆ ಯಾರಿಗೂ ಗೊತ್ತಿಲ್ಲ.

ನಮ್ಮಲ್ಲಿ ಇಂಥ ಕೆಲಸ ಆಗಿಯೇ ಇಲ್ಲ ಎಂದಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು 1988ರಿಂದ ಮುದುಮಲೆ ಕಾಡಿನಲ್ಲಿ 50 ಹೆಕ್ಟೇರಿನ ಒಂದೊಂದು ಮರವನ್ನೂ ಲೆಕ್ಕವಿಟ್ಟು ಅಳೆಯುತ್ತ ಬಂದಿದ್ದಾರೆ. ಜೋಗದಿಂದ ಹೊನ್ನಾವರಕ್ಕೆ ಹೋಗುವಾಗ ಸಿಗುವ ಕತ್ತಲೆಕಾನಿನಲ್ಲಿ ಕಪ್ಪೆಗಳ ಅಧ್ಯಯನ ಮಾಡುವ ವಿಜ್ಞಾನಿ ಗುರುರಾಜ ಅವರ ತಂಡದವರು ಗುರುತಿಸಿ 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆಯ ವಿಷಯ ಇಲ್ಲಿ ನಾನೇ ಎದ್ದು ನಿಂತು ಹೇಳಿದೆ. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ತಂದು ಮೊಟ್ಟೆಗೆ ಮೆತ್ತುವುದನ್ನು ಕೈಯಲ್ಲಿ ಮಾಡಿ ತೋರಿಸಿದೆ. ಪೆರುವಿನವಳು "ಕುಂಬಾರ, ಕುಂಬಾರ" ಎಂದು ಎರಡು ಸಲ ಹೇಳಿ ಕಲಿತಳು. ಆ ರಸ್ತೆಯಲ್ಲಿ ನಾನು ಎಷ್ಟು ಸಲ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋಗಿದ್ದೇನೆ!

ಅದಕ್ಕೇ ನಿಮ್ಮ ಹತ್ತಿರ ಎರಡು ವಿಷಯ ಕೇಳಬೇಕು ಎಂದುಕೊಂಡಿದ್ದೇನೆ.

ಒಂದು, ಮಳೆ ಪುಸ್ತಕ. ನೀವು 1994ರಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿದ್ದೀರಿ. ಸಣ್ಣವಳಿದ್ದಾಗ ಅದನ್ನು ಅಡಿಕೆ ಲೆಕ್ಕದ ಪುಸ್ತಕ ಎಂದುಕೊಂಡಿದ್ದೆ. ಅದನ್ನು ಅಟ್ಟದ ಮೇಲೆ ಇಡಬೇಡಿ, ಗೆದ್ದಲು ಬರುತ್ತದೆ. ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಇಡಿ. ಈ ವರ್ಷದಿಂದ ಮಳೆಯ ಪಕ್ಕದಲ್ಲಿ ಇನ್ನೊಂದು ಗೀಟು ಎಳೆದು, ಟಿಕ್ ಟಿಕ್ ಕಪ್ಪೆ ಮೊದಲ ಸಲ ಕೂಗಿದ ದಿನ, ನಿಂತ ದಿನ ಬರೆಯಿರಿ.

ಎರಡು, ಸೊಪ್ಪಿನ ಬೆಟ್ಟ. ತೋಟಕ್ಕೆ ದರಗು ಬೇಕೇ ಬೇಕು, ನನಗೆ ಗೊತ್ತು. ಆದರೆ ಬರುವ ಮಾಘದಲ್ಲಿ ದರಗು ಗುಡಿಸುವಾಗ, ಒರತೆಯ ಕೆಳಗಿನ ಆ ಒಂದು ಮೂಲೆಯನ್ನು ಗುಡಿಸದೆ ಬಿಡಲು ಆಗುತ್ತದಾ? ಅರ್ಧ ಎಕರೆ ಸಾಕು. ಗುಡಿಸಿದ ಕಡೆ ನಾಲ್ಕು ಚೌಕ, ಬಿಟ್ಟ ಕಡೆ ನಾಲ್ಕು ಚೌಕ ಹಾಕಿ ಮುಂದಿನ ಮಳೆಗಾಲದಲ್ಲಿ ಎಣಿಸುತ್ತೇನೆ, ಅದರ ಮುಂದಿನ ಮಳೆಗಾಲದಲ್ಲೂ. ಕಡಿಮೆ ಬೀಳುವ ದರಗಿಗೆ ಬದಲು ಎಷ್ಟು ಗಾಡಿ ಗೊಬ್ಬರ ಬೇಕೋ ಅದರ ಖರ್ಚನ್ನು ನನ್ನ ವಿದ್ಯಾರ್ಥಿವೇತನದಿಂದ ಕೊಡುತ್ತೇನೆ. ನೀವು ಬೇಡ ಎನ್ನುತ್ತೀರಿ, ಆದರೂ ಕೊಡುತ್ತೇನೆ. ಗುಡಿಸಲು ಬರುವವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅವರು ಒಳ್ಳೆಯದಕ್ಕೆಂದೇ ಅಲ್ಲಿಂದಲೇ ಶುರು ಮಾಡುತ್ತಾರೆ.

ಆಗಸ್ಟ್ 9ಕ್ಕೆ ಬೆಂಗಳೂರಿಗೆ ಇಳಿಯುತ್ತೇನೆ, ರಾತ್ರಿ ಬಸ್ಸಿಗೆ ಸಾಗರಕ್ಕೆ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗಳು

ತಂಗಿಗೆ: ನಿನಗೊಂದು ಕೆಲಸ. ದಿನಾ ರಾತ್ರಿ ಎಂಟಕ್ಕೆ ಅಂಗಳದ ಮೂಲೆಯಲ್ಲಿ, ಬಚ್ಚಲ ಒಲೆಯ ಪಕ್ಕದ ಕಂಬದ ಹತ್ತಿರ ನಿಂತು ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡು. ಅದೇ ಜಾಗ, ಅದೇ ಹೊತ್ತು, ಅದೇ ಫೋನು. ಮಳೆ ಜೋರಾಗಿದ್ದರೂ ಮಾಡು, ಬರೀ ಮಳೆಯ ಸದ್ದು ಬಂದರೂ ಅಳಿಸಬೇಡ. ಯಾವ ದಿನ ಮರೆತೆ ಎಂದು ಬರೆದಿಡು.