ಎರಡು ಯೂನಿಯನ್ ಒಂದಾಗಲಿ, ಆದರೆ ಸದಸ್ಯರನ್ನು ಕೇಳಿ

ಸಂಪಾದಕರೇ,

ನಮ್ಮ ಫ್ಯಾಕ್ಟರಿ ಪೀಣ್ಯದಲ್ಲಿದೆ. ಹೆಸರು ಬೇಡ, ನಾನಿನ್ನೂ ಅಲ್ಲೇ ಅನ್ನ ತಿನ್ನಬೇಕು. ಒಂದೇ ಗೇಟು, ಒಂದೇ ಕ್ಯಾಂಟೀನು, ಯೂನಿಯನ್ ಮಾತ್ರ ಎರಡು. ನಾನು ಸೇರಿದಾಗಿನಿಂದ ಹೀಗೇ, ಒಂದರ ಬಾವುಟ ಗೇಟಿನ ಎಡಕ್ಕೆ, ಇನ್ನೊಂದರದು ಬಲಕ್ಕೆ. ಈಗ ಎರಡೂ ಸೇರಿ ಒಂದಾಗುತ್ತವಂತೆ. ಇದು ನನಗೆ ಗೊತ್ತಾಗಿದ್ದು ಯೂನಿಯನ್‌ನಿಂದ ಅಲ್ಲ, ಟೀ ಕೊಡುವ ಹುಡುಗನಿಂದ. ಅವನ ಕಿವಿಗೆ ಬಿದ್ದದ್ದು ಎಚ್‌ಆರ್ ರೂಮಿನಲ್ಲಿ. ಮ್ಯಾನೇಜ್‌ಮೆಂಟ್‌ಗೆ ಮೊದಲೇ ಗೊತ್ತು, ಚಂದಾ ಕಟ್ಟುವ ನಮಗೆ ಗೊತ್ತಿಲ್ಲ.

ಒಂದಾಗುವುದಕ್ಕೆ ನನ್ನ ತಕರಾರಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಈಗ ಒಂದಾಗದಿದ್ದರೆ ಕಷ್ಟವೂ ಇದೆ. ಯೂನಿಯನ್‌ಗಳಿಗೆ ಸಂಬಂಧಿಸಿದ ಕೇಂದ್ರದ ಹೊಸ ಕಾನೂನು, ಕೈಗಾರಿಕಾ ಸಂಬಂಧ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ, ಮಸ್ಟರ್ ರೋಲ್, ಅಂದರೆ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ನೂರಕ್ಕೆ 51 ಜನ ಯಾರ ಜೊತೆ ಇದ್ದಾರೋ ಆ ಯೂನಿಯನ್ ಮಾತ್ರ ಮ್ಯಾನೇಜ್‌ಮೆಂಟ್ ಎದುರು ಮಾತಿಗೆ ಕೂರುತ್ತದೆ. ಯಾರಿಗೂ ಅಷ್ಟು ಜನ ಇಲ್ಲದಿದ್ದರೆ ಒಂದು ಮಂಡಳಿ, ಅದರಲ್ಲಿ ಪ್ರತಿ 20 ಪರ್ಸೆಂಟಿಗೆ ಒಂದು ಕುರ್ಚಿ. ಲೆಕ್ಕಕ್ಕೆ ನೂರು ಜನರ ಫ್ಯಾಕ್ಟರಿ ಅಂದುಕೊಳ್ಳಿ. ಒಂದು ಯೂನಿಯನ್‌ನಲ್ಲಿ 45, ಇನ್ನೊಂದರಲ್ಲಿ 40. ಆಗ ಮಂಡಳಿಯಲ್ಲಿ ಇಬ್ಬರಿಗೂ ಕುರ್ಚಿ. ಬೋನಸ್ ವಿಷಯಕ್ಕೆ ಇವರು ಹೂಂ ಅಂದರೆ ಅವರು ಊಹೂಂ ಅನ್ನುತ್ತಾರೆ, ಮ್ಯಾನೇಜ್‌ಮೆಂಟಿನವರು ಸುಮ್ನೆ ಟೀ ಕುಡಿಯುತ್ತಾ ಕೂತಿರಬಹುದು. ಅದೇ ಇಬ್ಬರೂ ಸೇರಿದರೆ 85, ಆಟವೇ ಬೇರೆ. ಹಾಗಾಗಿ ನಾಯಕರಿಗೆ ಈಗ ಅವಸರ ಯಾಕೆ ಅಂತ ನನಗೂ ಅರ್ಥವಾಗುತ್ತದೆ. ಒಡೆಯುವುದು ನಮ್ಮವರಿಗೆ ಮೊದಲಿನಿಂದಲೂ ಸಲೀಸು ಬಿಡಿ. 1920ರಲ್ಲಿ ಹುಟ್ಟಿದ ಎಐಟಿಯುಸಿ ಅನ್ನುವ ಕಾರ್ಮಿಕ ಒಕ್ಕೂಟ ಇರುವಾಗಲೇ 1947ರಲ್ಲಿ ಐಎನ್‌ಟಿಯುಸಿ ಬಂತು, 1970ರಲ್ಲಿ ಸಿಐಟಿಯು ಬಂತು. ಸೇರುವ ಮಾತು ಬಂದಾಗ ಮಾತ್ರ ಗಂಟಲು ಕಟ್ಟುತ್ತದೆ.

ನಮ್ಮಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. 1980ರ ಡಿಸೆಂಬರ್ 26ರಿಂದ 77 ದಿನ ನಡೆದ ಬೆಂಗಳೂರಿನ ದೊಡ್ಡ ಮುಷ್ಕರದಲ್ಲಿ ಅವರೂ ಇದ್ದರು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್, ಎಲ್ಲ ಕಡೆಯವರೂ ಒಟ್ಟಿಗೆ ಹೊರಗೆ ಬಂದಿದ್ದರು. ಅದನ್ನು ನೆನೆಸಿಕೊಂಡು "ಆಗಲೇ ಎಲ್ಲ ಒಂದಾಗಿದ್ವಿ" ಅನ್ನುವ ಹಿರಿಯರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದರೆ ಅದು ಜಂಟಿ ಹೋರಾಟ, ವಿಲೀನ ಅಲ್ಲ. ಜಂಟಿ ಹೋರಾಟ ಅಂದರೆ ಬೀಗರು ಸೇರಿ ಮದುವೆ ಮಾಡಿದ ಹಾಗೆ, ಚಪ್ಪರ ಬಿಚ್ಚಿದ ಮೇಲೆ ಅವರವರ ಮನೆಗೆ ಅವರವರು. ವಿಲೀನ ಅಂದರೆ ಒಂದೇ ಒಲೆ. ಉಪ್ಪು ಜಾಸ್ತಿ ಆದರೂ ಎಲ್ಲರೂ ಅದನ್ನೇ ಉಣ್ಣಬೇಕು.

ನನ್ನಂಥವರಿಗೆ ಯೂನಿಯನ್ ಅಂದರೆ ಏನು? ಎರಡು ವರ್ಷದ ಹಿಂದೆ ಕಂಪನಿಯಿಂದ ನನಗೊಂದು ಚಾರ್ಜ್‌ಶೀಟ್ ಬಂತು. ರಾತ್ರಿ ಪಾಳಿಯಲ್ಲಿ ಮಷಿನ್ ಬಿಟ್ಟು ಹೋಗಿದ್ದೆ ಅಂತ. ಹೋಗಿದ್ದು ನಿಜ, ಹೆಂಡತಿಯ ಫೋನ್ ಬಂದಿತ್ತು, ಮಗುವಿಗೆ ಫಿಟ್ಸ್ ಬಂದಿತ್ತು. ಎನ್‌ಕ್ವೈರಿಯ ದಿನ ನನ್ನ ಪಕ್ಕ ಕೂತವರು ಪೇಪರಿನಲ್ಲಿ ಫೋಟೋ ಬರುವ ನಾಯಕರಲ್ಲ, ನಮ್ಮದೇ ಲೈನಿನ ಕಮಿಟಿ ಮೆಂಬರ್ ಒಬ್ಬರು. ಅವರು ಆ ರಾತ್ರಿ ಅಲ್ಲೇ ಕೆಲಸದಲ್ಲಿದ್ದರು, ನಾನು ಸೂಪರ್‌ವೈಸರ್‌ಗೆ ಹೇಳಿಯೇ ಹೋದದ್ದನ್ನು ಕಣ್ಣಾರೆ ನೋಡಿದ್ದರು, ಅದಕ್ಕೇ ಎಚ್ಚರಿಕೆ ಪತ್ರದಲ್ಲಿ ಮುಗಿಯಿತು. ಇಲ್ಲದಿದ್ದರೆ ಸಸ್ಪೆಂಡ್ ಆಗುತ್ತಿದ್ದೆನೋ ಏನೋ. ಈಗ ಎರಡು ಕಮಿಟಿ ಸೇರಿ ಒಂದಾದರೆ ಅರ್ಧ ಜನ ಹೊರಗೆ ಹೋಗಲೇಬೇಕು, ಅಲ್ವಾ? ಅಧ್ಯಕ್ಷ ಯಾರು, ಪ್ರಧಾನ ಕಾರ್ಯದರ್ಶಿ ಯಾರು ಅಂತ ಮೇಲಿನವರು ತಿಂಗಳಿಂದ ಗುದ್ದಾಡುತ್ತಿದ್ದಾರಂತೆ. ಗುದ್ದಾಡಲಿ. ರಾತ್ರಿ ಪಾಳಿಗೆ ಒಬ್ಬ ಕಮಿಟಿ ಮೆಂಬರ್ ಇರುತ್ತಾರೋ ಇಲ್ಲವೋ, ನನಗೆ ಅದು ಬೇಕು. ಅದನ್ನು ಇನ್ನೂ ಯಾರೂ ಹೇಳಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ನಮ್ಮದರಲ್ಲಿ ಚಂದಾ ಜಾಸ್ತಿ, ಆದರೆ ಸದಸ್ಯ ತೀರಿಕೊಂಡರೆ ಮನೆಯವರ ಕೈಗೆ ಒಂದಿಷ್ಟು ಹಣ ಹೋಗುತ್ತದೆ. ಅವರದರಲ್ಲಿ ಚಂದಾ ಕಡಿಮೆ, ಅಂಥ ನಿಧಿಯೂ ಇಲ್ಲ. ಒಂದಾದ ಮೇಲೆ ಅವರ ಚಂದಾ ಏರುತ್ತದೋ, ನಮ್ಮ ನಿಧಿ ಕರಗುತ್ತದೋ? ಈ ಹೊಸ ಸಂಹಿತೆ ಬರುವವರೆಗೆ ನಡೆದುಕೊಂಡು ಬಂದ 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ನಿಧಿಯನ್ನು ಹಂಚಿಕೊಂಡು ಸೇರುವುದಕ್ಕೂ ಹಂಚದೆ ಸೇರುವುದಕ್ಕೂ ದಾರಿ ಇತ್ತು. ವಿಲೀನದಿಂದ ಹಳೆಯ ಯೂನಿಯನ್‌ಗಳ ಹಕ್ಕಿಗೆ ಧಕ್ಕೆ ಆಗಬಾರದು ಅಂತಲೂ ಇತ್ತು. ಹಾಗಾಗಿ ಎರಡೂ ಕಡೆಯ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಲಿ, ಸಾಲ ಇದ್ದರೆ ಅದನ್ನೂ. ಮದುವೆಗೆ ಮುಂಚೆ ಮನೆ ನೋಡುವುದಿಲ್ಲವೇ?

ಅದೇ ಕಾಯ್ದೆ ವೋಟಿಗೂ ಒಂದು ಅಳತೆ ಇಟ್ಟಿತ್ತು. ಎರಡು ಯೂನಿಯನ್‌ನಲ್ಲೂ ಬೇರೆ ಬೇರೆಯಾಗಿ, ವೋಟಿನ ಹಕ್ಕಿರುವವರಲ್ಲಿ ಕನಿಷ್ಠ ಅರ್ಧ ಜನ ವೋಟು ಹಾಕಿರಬೇಕು, ಬಿದ್ದ ವೋಟಿನಲ್ಲಿ ನೂರಕ್ಕೆ 60 ವಿಲೀನದ ಪರ ಇರಬೇಕು. ಕೇಳುವುದಕ್ಕೆ ಗಟ್ಟಿ ಅನ್ನಿಸುತ್ತದೆ. ಆದರೆ ನೂರು ಸದಸ್ಯರಲ್ಲಿ 50 ಜನ ಬಂದು 30 ಜನ ಹೂಂ ಅಂದರೆ ಮುಗಿಯಿತು! ಅದೂ ವೋಟು ಹಾಕಿಸಿದರೆ. ನಮ್ಮಲ್ಲಿ ಕೇಳಿಬರುತ್ತಿರುವುದು ಗೇಟ್ ಮೀಟಿಂಗ್‌ನಲ್ಲಿ ಕೈ ಎತ್ತಿಸುವ ಮಾತು. ಪಾಳಿ ಬಿಟ್ಟ ಹತ್ತು ನಿಮಿಷದಲ್ಲಿ, ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ, ಭಾಷಣ ಮುಗಿಯಲಿ ಅಂತಲೇ ಜನ ಕೈ ಎತ್ತುತ್ತಾರೆ. ನಾನೂ ಎಷ್ಟೋ ಸಲ ಎತ್ತಿದ್ದೇನೆ.

ಇನ್ನೊಂದು ವಿಷಯ ಇಬ್ಬರೂ ಬಾಯಿಬಿಡದೆ ಕೂತಿರುವುದು. ನಮ್ಮ ಲೈನಿನಲ್ಲಿ ಈಗ ಪರ್ಮನೆಂಟ್ ಆದವರಿಗಿಂತ ಕಾಂಟ್ರ್ಯಾಕ್ಟ್ ಹುಡುಗರೇ ಜಾಸ್ತಿ. ಮಾಡುವುದು ಅದೇ ಮಷಿನ್, ಅದೇ ಕೆಲಸ, ಹೆಸರು ಮಾತ್ರ ಕಾಂಟ್ರ್ಯಾಕ್ಟರ್‌ನ ರೋಲಿನಲ್ಲಿ. ಅವರು ಎಡದ ಬಾವುಟಕ್ಕೂ ಸೇರಿಲ್ಲ, ಬಲದ್ದಕ್ಕೂ ಸೇರಿಲ್ಲ. ಪರ್ಮನೆಂಟ್ ಆದವರು ರಿಟೈರ್ ಆದ ಹಾಗೆಲ್ಲ ಆ ಜಾಗಕ್ಕೆ ಬರುವವರು ಅವರೇ. ಒಂದಾದ ಯೂನಿಯನ್‌ಗೆ ಅವರನ್ನು ಸೇರಿಸಿಕೊಳ್ಳುತ್ತಾರಾ ಅಂತ ನಮ್ಮ ಕಾರ್ಯದರ್ಶಿಯನ್ನು ಕೇಳಿದೆ. "ಅದು ಆಮೇಲೆ ನೋಡೋಣ" ಅಂದರು. ಆಮೇಲೆ ಅಂದರೆ ನಾವಿಬ್ಬರೂ ರಿಟೈರ್ ಆದ ಮೇಲೆ ಅಂತ ಕಾಣುತ್ತದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಜನರಲ್ ಬಾಡಿ, ಅಂದರೆ ಎಲ್ಲ ಸದಸ್ಯರ ಸಭೆ, ಅಂತ ಈಗ ಸುದ್ದಿ. ಶನಿವಾರ ರಾತ್ರಿ ಪಾಳಿ ಮಾಡಿ ಬಂದವರು ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ. ಸಂಜೆಯೂ ಒಂದು ಸಲ ಕರೆಯಲಿ, ಕೈ ಎತ್ತಿಸುವ ಬದಲು ಕ್ಯಾಂಟೀನಿನಲ್ಲಿ ಒಂದು ಪೆಟ್ಟಿಗೆ ಇಡಲಿ. ನನ್ನ ವೋಟು ವಿಲೀನಕ್ಕೇ, ಆದರೆ ಅದನ್ನು ಚೀಟಿಯಲ್ಲಿ ಬರೆದು ಹಾಕುತ್ತೇನೆ.

ಒಬ್ಬ ಕಾರ್ಮಿಕ, ಪೀಣ್ಯ, ಬೆಂಗಳೂರು