ದೇವರ ಪಾಲಿಗೆ ಡ್ಯಾಮೇಜ್ ಪೀಸು

ಲೇ ಬಕೆಟ್,

ನೀನು ವಾಟ್ಸಾಪಿನಲ್ಲಿ ಕೇಳಿದ ಪ್ರಶ್ನೆಗೆ ಇಲ್ಲಿ, ಎಲ್ಲರ ಮುಂದೆ ಉತ್ತರ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಏನಾದರೂ ಬರೆಯುತ್ತೀಯ. ಬಾಳೆಗೊನೆ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮನೆ ಕೂಟದಲ್ಲಿ ಈಗೀಗ ನಾನ್ಯಾಕೆ ಪ್ರಾರ್ಥನೆ ನಡೆಸುತ್ತಿಲ್ಲ ಅಂದೆಯಲ್ಲ. ಪಾಸ್ಟರಿಗೆ ಗಂಟಲು ಸರಿಯಿಲ್ಲ ಅಂತ ಹೇಳಿದ್ದೇನೆ. ಗಂಟಲು ಚೆನ್ನಾಗಿಯೇ ಇದೆ.

ಬೈಬಲ್ಲಿನಲ್ಲಿ ಮಲಾಕಿಯನ ಪುಸ್ತಕದ ಮೊದಲನೇ ಅಧ್ಯಾಯ ತೆಗೆದು ಓದು. ಜನ ಕುರುಡು, ಕುಂಟು, ರೋಗ ಹಿಡಿದ ಪಶುಗಳನ್ನು ಯಜ್ಞಕ್ಕೆ ತರುತ್ತಾರೆ. ಇದನ್ನೇ ನಿಮ್ಮ ಅಧಿಪತಿಗೆ ಕೊಟ್ಟು ನೋಡಿ, ಅವನು ಮೆಚ್ಚುತ್ತಾನಾ ಅಂತ ದೇವರು ಕೇಳುತ್ತಾನೆ. ಅದನ್ನು ಓದಿದಾಗ ನಾನು ನಮ್ಮ ಪ್ಯಾಂಟು ಹೊಲಿಯುವ ಯೂನಿಟ್ಟಿನಲ್ಲಿ ಕೂತಿದ್ದೆ. ಎದುರಿಗೆ ಡ್ಯಾಮೇಜ್ ಪೀಸಿನ ಗುಡ್ಡೆ. ಹೊಲಿಗೆ ಓರೆಯಾದವು, ವಾಷಿಂಗಿನಲ್ಲಿ ಕಲೆ ಬಿದ್ದವು. ಕ್ರಿಸ್ಮಸ್ಸಿಗೆ ಬಡ ಮಕ್ಕಳಿಗೆ ಅಂತ ಚರ್ಚಿಗೆ ಕೊಟ್ಟಿದ್ದು ಇದೇ ಗುಡ್ಡೆಯಿಂದ. ಕಲೆ ಬಿದ್ದವನ್ನು ಬಂಡಲ್ಲಿನ ಅಡಿಗೆ ಇಟ್ಟಿದ್ದೆ. ಸಭೆಯವರು ಚಪ್ಪಾಳೆ ತಟ್ಟಿದರು. ನಾನೂ ತಲೆ ಬಗ್ಗಿಸಿ, ಎಲ್ಲಾ ಕರ್ತನ ಕೃಪೆ ಅಂದೆ!

ಪ್ಯಾಂಟಿನ ಮಾತು ಬಿಡು, ಮಕ್ಕಳು ಹಾಕಿಕೊಂಡರು, ಖುಷಿಪಟ್ಟರು. ನನ್ನ ಪ್ರಾರ್ಥನೆಯೂ ಅದೇ ಗುಡ್ಡೆಯಿಂದ ಬರುತ್ತಿದೆ. ನಿದ್ದೆ ತೂಗುವಾಗ, ಹಾಸಿಗೆಯಲ್ಲಿ, ಉಳಿದ ಹೊತ್ತಿನಲ್ಲಿ. ನಮ್ಮ ಬಳ್ಳಾರಿಯಲ್ಲೇ ಅಲ್ವಾ, 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತಿದ್ದು? ಇಡೀ ಬೈಬಲ್ ಅಚ್ಚಾಗುವಷ್ಟರಲ್ಲಿ 1831. ಈ ಬಿಸಿಲಿನಲ್ಲಿ, ಫ್ಯಾನೂ ಇಲ್ಲದೆ! ಅವತ್ತು ಶುರುವಾದ ಕೆಲಸದಿಂದ ನನ್ನ ಕೈಗೆ ಬಂದ ವಾಕ್ಯವನ್ನು ನಾನು ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತಾ ಓದುತ್ತೇನೆ.

ನೀನೇನು ಹೇಳುತ್ತೀಯ ಗೊತ್ತು. ದೇವರ ಸನ್ನಿಧಿಗೆ ಅಡ್ಡವಾಗಿದ್ದ ದೇವಾಲಯದ ಪರದೆ ಯೇಸು ಸತ್ತಾಗಲೇ ಹರಿದಿದೆ; ದೇವರ ಕೃಪಾಸನದ ಹತ್ತಿರ ಧೈರ್ಯವಾಗಿ ಬನ್ನಿ ಅಂತ ಬೈಬಲ್ಲಿನ ಇಬ್ರಿಯರ ಪತ್ರದ ನಾಲ್ಕನೇ ಅಧ್ಯಾಯದಲ್ಲೇ ಇದೆ ಅಂತ. ಒಪ್ಪಿದೆ. ಆದರೆ ಅದೇ ಪತ್ರದ ಹನ್ನೆರಡನೇ ಅಧ್ಯಾಯದ ಕೊನೆಗೆ ಹೋಗು. ಭಯಭಕ್ತಿಯಿಂದ ಆರಾಧಿಸಿ, ನಮ್ಮ ದೇವರು ದಹಿಸುವ ಅಗ್ನಿ ಅಂತಲೂ ಇದೆ. ಪರದೆ ಹರಿದರೂ ಒಳಗಿರುವವನು ಬದಲಾಗಿಲ್ಲ ಕಣೋ.

ಹಾಗಂತ ಚಪ್ಪಲಿ ಹೊರಗೆ ಬಿಟ್ಟು, ಅಳುವ ಕೂಸುಗಳನ್ನೂ ಅಲ್ಲೇ ಬಿಡಿ ಅನ್ನುವವರ ಕಡೆಗೂ ನಾನಿಲ್ಲ. ನಮ್ಮವ್ವನನ್ನು ನೋಡು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದರೂ ಒಲೆ ಆರಿಸಿ, ಕೈ ತೊಳೆದು, ತಲೆ ಮೇಲೆ ಸೆರಗು ಹೊದ್ದೇ ಬಾಯಿ ತೆರೆಯುತ್ತಾಳೆ. ತೆರೆದ ಮೇಲೆ ಜಗಳವೇ. "ಏನಪ್ಪಾ ಯೇಸಪ್ಪಾ, ನಿನಗ ಕಿವಿ ಕೇಳಂಗಿಲ್ಲೇನು? ನನ್ನ ಮಗನ ಸಾಲ ಯಾವಾಗ ತೀರಸ್ತಿ?" ಅಂತ. ಎದುರಿಗೆ ಒಬ್ಬನು ಇದ್ದಾನೆ ಅಂತ ಗೊತ್ತಿರುವವರಷ್ಟೇ ಹಾಗೆ ಜಗಳ ಆಡೋದು. ನಾನು ಇಷ್ಟು ವರ್ಷ ಕೂಟದಲ್ಲಿ ಚಂದ ಚಂದದ ಮಾತು ಪೋಣಿಸಿದ್ದು ಸುತ್ತ ಕೂತ ಅತ್ತೆ, ಮಾವ, ಅಕ್ಕಂದಿರಿಗೆ. ಮಾಲು ಕೊಳ್ಳುವ ಪಾರ್ಟಿ ಬಂದರೆ ಒಂದೊಂದು ಹೊಲಿಗೆ ಎಳೆದು ನೋಡುತ್ತಾನೆ ಅಂತ ಗೊತ್ತು, ಅದಕ್ಕೇ ಅವನಿಗೆ ಫಸ್ಟ್ ಕ್ವಾಲಿಟಿ. ದೇವರು ಬಂಡಲ್ ಬಿಚ್ಚಿ ನೋಡುವುದಿಲ್ಲ ಅಂತ ನಾನು ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದೇನೆ. ಕೆಲವು ರಾತ್ರಿ, ನೋಡುವವನೇ ಇಲ್ಲವೇನೋ ಅಂತಲೂ ಅನ್ನಿಸಿದೆ. ಇದನ್ನು ಅವ್ವನಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ನಮ್ಮ ಸಭೆಯವರು ಇದನ್ನು ಓದಿದರೆ ಭಾನುವಾರ ನನಗಾಗಿ ಉಪವಾಸ ಪ್ರಾರ್ಥನೆ ಇಡುತ್ತಾರೆ, ಆಮೇಲೆ ಎಲ್ಲರಿಗೂ ಮಿರ್ಚಿ ಮಂಡಕ್ಕಿ ಖರ್ಚು ನನ್ನದೇ. ಅದೂ ಅಲ್ಲದೆ ಗಂಟಲಿನ ಸುಳ್ಳು ಹೊರಗೆ ಬಿತ್ತು. ಪಾಸ್ಟರೇ, ನೀವು ಓದುತ್ತಿದ್ದರೆ, ಸ್ವಲ್ಪ ಕೆಮ್ಮು ನಿಜವಾಗಿಯೂ ಇದೆ.

ಅವ್ವ ಕೇಳುತ್ತಿದ್ದಳು, ನೀನು ಅಲ್ಲಿ ಚರ್ಚಿಗೆ ಹೋಗುತ್ತೀಯಾ ಇಲ್ವಾ ಅಂತ. ತಪ್ಪದೆ ಹೋಗುತ್ತಾನೆ ಅಂದಿದ್ದೇನೆ. ಈ ವಾರವಾದರೂ ಹೋಗಿ ಬಾ, ನನ್ನ ಲೆಕ್ಕದಲ್ಲಿ ಒಂದು ಸುಳ್ಳಾದರೂ ಕಡಿಮೆಯಾಗಲಿ.

ನಿನ್ನ,
ಹಿಂದಿನ ಬೆಂಚಿನ ಸಂತ